ಮುಷ್ಟಿಗಷ್ಟೇ ಕವಚ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಬಾರ್ಬೇರಿಯನ್ ನಮಗೇನೂ ಹೊಸಬನಲ್ಲ. ರನ್ನನ ಭೀಮನನ್ನು ಬಲ್ಲವರಿಗೆ ಅವನ ಗುರುತು ತಕ್ಷಣ ಹತ್ತುತ್ತದೆ: ಸಿಟ್ಟೇ ಬಂಡವಾಳ, ಮೈಯೇ ಕೋಟೆ. (ತೊಡೆಯೊಂದು ಬಿಟ್ಟು ವಜ್ರಕಾಯನಾದ ದುರ್ಯೋಧನನೂ ಇದೇ ಜಾತಿ ಅನ್ನಿ.) ಇಂಥವನಿಗೆ ಕವಚ ಆರಿಸುವ ಸೊಗಸೆಲ್ಲ ಮೈಯ ಯಾವ ಭಾಗವನ್ನು ಬರಿದೇ ಬಿಡಬೇಕೆಂಬ ಲೆಕ್ಕದಲ್ಲಿದೆ.

2014ರ ಐದನೇ ಆವೃತ್ತಿಯ ನಿಯಮಕ್ಕೆ ಅವನ ಸ್ವಭಾವ ಚೆನ್ನಾಗಿ ಗೊತ್ತು. ಅಡಿಯಿಂದ ಮುಡಿಯವರೆಗೆ ಉಕ್ಕು ಹೊದಿಸಿದರೆ ರೋಷಾವೇಶದ ಲಾಭವೇ ಕೈತಪ್ಪುತ್ತದೆ. ಬರಿಮೈಯಲ್ಲಿ ನಿಂತರೆ ರಕ್ಷಣೆಯ ಮೂಲ ಅಂಕ 10ಕ್ಕೆ ಚುರುಕೂ ದೇಹದಾರ್ಢ್ಯವೂ ಕೂಡಿಕೊಳ್ಳುತ್ತವೆ. ಒಂದು 2, ಇನ್ನೊಂದು 3 ಇದ್ದರೆ ರಕ್ಷಣೆ 15. ಚೈನ್ ಶರ್ಟ್ ತೊಟ್ಟರೂ ಅದೇ 15, 50 ಚಿನ್ನದ ನಾಣ್ಯ ದಂಡ. ಬ್ರೆಸ್ಟ್‌ಪ್ಲೇಟ್ ಎಂಬ ಎದೆಗವಚಕ್ಕೆ 400 ನಾಣ್ಯ ತೆತ್ತರೆ 16. ಹಾಫ್ ಪ್ಲೇಟ್‌ಗೆ 750, ರಕ್ಷಣೆ 17, ಮೇಲೆ 18 ಕಿಲೋ ಭಾರ. ಕದ್ದು ನಡೆಯಲು ಹೋದರೆ ಗಲಗಲ ಸದ್ದು. ಕಡುಬೇಸಿಗೆಯ ಕತ್ತಿರಿ ಬಿಸಿಲಿನ ಚೆನ್ನೈಯಲ್ಲಿ ಕೂತವರಿಗೆ ಆ ತೂಕ ಓದಿದರೇ ಬೆವರು.

ಕಣ್ಣಿಗೆ ಹಬ್ಬ ಬೇಕಾದರೆ ಇದೇ ಊರಿನ ಎಗ್ಮೋರಿಗೆ ಹೋಗಬೇಕು. 1851ರಲ್ಲಿ ಶುರುವಾದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ತಂಜಾವೂರು ಅರಮನೆಯ ಶಸ್ತ್ರಾಗಾರದಿಂದ ಬಂದ ಕಠಾರಿಗಳಿವೆ. ಎರಡು ಉದ್ದ ಪಟ್ಟಿ, ನಡುವೆ ಹಿಡಿಯಲು ಅಡ್ಡಸರಳು. ಮುಷ್ಟಿ ಬಿಗಿದರೆ ಅಲಗು ಮುಂಗೈಯ ನೇರಕ್ಕೆ ಚಾಚಿಕೊಳ್ಳುತ್ತದೆ, ಗುದ್ದಿದ್ದೇ ಇರಿತ. ಗೆಣ್ಣುಗಳನ್ನು ಕಾಯಲು, ಗಾಳಿ ತುಂಬಿದ ಹಾಯಿಯಂತೆ ಬಾಗಿದ ಉಕ್ಕಿನ ತಗಡು. ಆ ತಗಡಿನಲ್ಲಿ ಕೊರೆದ ಕಿಂಡಿಗಳು, ಅಲಗಿನ ಬುಡದಲ್ಲಿ ಯಾಳಿ. ಈ ಬಗೆಯ ಎಷ್ಟೋ ಕಠಾರಿಗಳಿಗೆ ಯುರೋಪಿನಿಂದ ಬಂದ ಅಲಗು ಕೂಡಿಸಿದ್ದಾರೆ. ಪರದೇಶದ ಉಕ್ಕು, ಕೆತ್ತನೆ ಮಾತ್ರ ಇಲ್ಲಿಯದು. ಇಷ್ಟೆಲ್ಲ ಶೃಂಗಾರ ಅಂಗೈಯಗಲದ ರಕ್ಷಣೆಗೆ! ಮುಷ್ಟಿ ಭದ್ರ, ಮಿಕ್ಕ ಮೈಯನ್ನು ಹಿಡಿದವನೇ ನೋಡಿಕೊಳ್ಳಬೇಕು.

ಇದನ್ನು ಕಂಡ ಕಣ್ಣಿಗೆ ಹಾಫ್ ಪ್ಲೇಟ್ ರುಚಿಸುವುದು ಕಷ್ಟ. ನನ್ನ ಬಾರ್ಬೇರಿಯನ್‌ಗೆ ಎದೆಗವಚವೇ ಆಯಿತು. ಒಂದು ಅಂಕ ಹೋಯಿತು, ತೋಳೆರಡೂ ಉಳಿದವು, ಸದ್ದೂ ಇಲ್ಲ. ಹಂತ ಏರಿ ದೇಹದಾರ್ಢ್ಯ ಬೆಳೆದ ಮೇಲೆ ಅದನ್ನೂ ಕಳಚಿಡಬಹುದು. ಗುರಾಣಿ ಹಿಡಿದರೆ ಇನ್ನೆರಡು ಅಂಕ ಸಿಗುತ್ತದೆ, ನಿಯಮದ ಅಡ್ಡಿಯೂ ಇಲ್ಲ. ಆದರೆ ದೊಡ್ಡ ಕೊಡಲಿಗೆ ಎರಡೂ ಕೈ ಬೇಕಲ್ಲ! ಅದರ ಏಟಿಗೆ ಹನ್ನೆರಡು ಮುಖದ ದಾಳ ಉರುಳಿಸುವ ಸುಖ ಬಿಟ್ಟು ಗುರಾಣಿಯ ಮರೆಗೆ ಸರಿಯುವ ಬಾರ್ಬೇರಿಯನ್ ಇದ್ದರೆ, ಅವನು ಬೇರೆ ಯಾರ ಮೇಜಿನಲ್ಲಾದರೂ ಆಡಿಕೊಳ್ಳಲಿ.