ಕಿತ್ತೂರಿನ ವರ್ಷದ ಸಿಂಫನಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯ ರಸಿಕರಿಗೆ ಸಂಗೀತವೆಂದರೆ ಮುಖ್ಯವಾಗಿ ಒಂದು ಕಂಠ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ ಇವರನ್ನು ಕೇಳಿ ಬೆಳೆದ ಕಿವಿ ನಮ್ಮದು. ಒಬ್ಬ ಗಾಯಕ, ಒಂದು ರಾಗ, ಹಿಂದೆ ತಂಬೂರಿಯ ನಾದ. ಇಷ್ಟರಲ್ಲಿ ನಮ್ಮ ಲೋಕ ತುಂಬಿಹೋಗುತ್ತದೆ. ಇಂಥ ಕಿವಿಗೆ, ನೂರು ಜನ ಏಕಕಾಲಕ್ಕೆ ಬೇರೆ ಬೇರೆ ಸ್ವರ ನುಡಿಸುವ ಪಾಶ್ಚಾತ್ಯ ವಾದ್ಯವೃಂದವು ಮೊದಲಿಗೆ ಸಂತೆಯ ಗದ್ದಲದಂತೆ ಕೇಳಿಸಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಗದ್ದಲದಲ್ಲಿ ಒಂದು ವ್ಯವಸ್ಥೆಯಿದೆ. ಅದನ್ನು ಕಿವಿಗೆ ತಿಳಿಸಿಕೊಡಲು ಕಣ್ಣು ನೆರವಾಗಬಲ್ಲದು ಎಂಬುದು ನನ್ನ ಅಭಿಪ್ರಾಯ. ಆ ದೃಷ್ಟಿಯಿಂದ, ಮನೆಯಲ್ಲಿ ಕುಳಿತು ನೋಡುವ ಸಂಗೀತ ಕಚೇರಿಯ ಚಿತ್ರವನ್ನು ಬರಿಯ ಬದಲಿ ವ್ಯವಸ್ಥೆಯೆಂದು ತಳ್ಳಿಹಾಕುವುದು ಸರಿಯಲ್ಲ.

ನಿದರ್ಶನಕ್ಕೆ ಒಂದು ಚಿತ್ರವನ್ನು ಎತ್ತಿಕೊಳ್ಳುತ್ತೇನೆ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. ಏಳು ವಾರ ತುಂಬುವ ಮೊದಲೇ, ಡಿಸೆಂಬರ್ 25ರಂದು, ಪೂರ್ವ ಬರ್ಲಿನ್ನಿನ ಶೌಸ್ಪೀಲ್‌ಹೌಸ್ ಸಭಾಗೃಹದಲ್ಲಿ ಲೆನರ್ಡ್ ಬರ್ನ್‌ಸ್ಟೈನ್ ಬೆಥೋವನ್ನನ ಒಂಬತ್ತನೆಯ ಸಿಂಫನಿಯನ್ನು ನಡೆಸಿದನು. ಬವೇರಿಯಾದ ರೇಡಿಯೋ ವಾದ್ಯವೃಂದದೊಡನೆ ಡ್ರೆಸ್ಡೆನ್, ಲೆನಿನ್‌ಗ್ರಾಡ್, ಲಂಡನ್, ನ್ಯೂಯಾರ್ಕ್, ಪ್ಯಾರಿಸ್‌ಗಳ ವಾದಕರೂ ಅಂದು ಕೂಡಿದ್ದರು. ಆ ಕಚೇರಿಯ ಚಿತ್ರವನ್ನು ಮನೆಯ ಪಡಸಾಲೆಯಲ್ಲಿ ನೋಡಿದ್ದೇನೆ, ಒಂದಲ್ಲ, ನಾಲ್ಕೈದು ಸಲ.

ಈ ಕೃತಿ ನಮಗೆ ತೀರ ಪರಕೀಯವೆಂದು ಯಾರೂ ತಿಳಿಯಬೇಕಾಗಿಲ್ಲ. ಅದು ಮೊದಲು ಕೇಳಿಸಿದ್ದು ವಿಯೆನ್ನಾದಲ್ಲಿ, 1824ರ ಮೇ 7ರಂದು. ಕಿವಿ ಕೇಳದ ಬೆಥೋವನ್ ಸಭೆಗೆ ಬೆನ್ನು ಮಾಡಿ ನಿಂತಿದ್ದನೆಂದೂ, ಗಾಯಕಿಯೊಬ್ಬಳು ಅವನನ್ನು ತಿರುಗಿಸಿ ಚಪ್ಪಾಳೆಯನ್ನು ಕಣ್ಣಿಗೆ ತೋರಿಸಿದಳೆಂದೂ ಪ್ರಸಿದ್ಧವಾಗಿದೆ. ಅದೇ ವರ್ಷದ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರ ಕೋಟೆಯ ಮುಂದೆ ಮಡಿದನು. ಡಿಸೆಂಬರದಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನ ಜೀವ ಇದೇ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಮುಗಿಯಿತು. ಎರಡು ಘಟನೆಗಳಿಗೆ ಸಂಬಂಧವೇನೂ ಇಲ್ಲ, ನಿಜ. ಆದರೂ ಈ ಊರಿನಲ್ಲಿ ಕುಳಿತು ಕೇಳುವವನಿಗೆ ಆ ಇಸವಿಯನ್ನು ಮರೆಯುವುದು ಕಷ್ಟ.

ಇನ್ನು ಕಣ್ಣಿನ ನೆರವಿನ ಮಾತು. ಸಿಂಫನಿಯ ನಾಲ್ಕನೆಯ ಹಾಗೂ ಕೊನೆಯ ಭಾಗದಲ್ಲಿ, ಹಿಂದಿನ ಮೂರು ಭಾಗಗಳ ನೆನಪನ್ನು ಒಂದೊಂದಾಗಿ ತಂದು ಬದಿಗಿಟ್ಟ ಮೇಲೆ, ಆನಂದದ ಧಾಟಿ ಆರಂಭವಾಗುತ್ತದೆ. ಎಷ್ಟು ಸರಳ ಧಾಟಿ! ನಮ್ಮ ಬಿಲಾವಲ್ ಥಾಟಿನ ಷಡ್ಜದಿಂದ ಪಂಚಮದವರೆಗಿನ ಐದು ಸ್ವರಗಳಲ್ಲೇ ಅದರ ನಡಿಗೆ; ನಡುವೆ ಒಂದೆಡೆ ಮಾತ್ರ ಮಂದ್ರ ಪಂಚಮವನ್ನು ಮುಟ್ಟುತ್ತದೆ. ಶಾಲೆಯ ಹುಡುಗರೂ ಗುನುಗಬಹುದು. ಮೊದಲು ಅದನ್ನು ಮಂದ್ರ ಧ್ವನಿಯ ದೊಡ್ಡ ತಂತಿವಾದ್ಯಗಳು, ಚೆಲ್ಲೋ ಮತ್ತು ಡಬಲ್ ಬಾಸ್‌ಗಳು, ಪಿಸುಮಾತಿನಂತೆ ಒಂಟಿಯಾಗಿ ನುಡಿಸುತ್ತವೆ. ಎರಡನೆಯ ಆವೃತ್ತಿಯಲ್ಲಿ ಧಾಟಿ ವಿಯೋಲಾಗಳಿಗೆ ಏರುತ್ತದೆ. ಆಗ ಬಸೂನ್ ಎಂಬ ಊದುವಾದ್ಯ ಅದರ ಮಗ್ಗುಲಲ್ಲಿ ತನ್ನದೇ ಬೇರೊಂದು ಮಾತನ್ನು ಹೇಳುತ್ತ ನಡೆಯುತ್ತದೆ. ಆಮೇಲೆ ಪಿಟೀಲುಗಳು, ಕಡೆಗೆ ಇಡೀ ವೃಂದ.

ಇಲ್ಲಿ ನಮ್ಮ ಸಣ್ಣಾಟದ ನೆನಪಾಗುತ್ತದೆ. ಬೈಲಹೊಂಗಲದ್ದೇ ಕಥೆಯಾದ ಸಂಗ್ಯಾ ಬಾಳ್ಯಾ ಆಟದಲ್ಲಿ ಹಿಮ್ಮೇಳವು ಮುಮ್ಮೇಳದ ನುಡಿಯನ್ನು ಎತ್ತಿ ಹಿಡಿದು ಬಲಪಡಿಸುತ್ತದೆ. ಸಿಂಫನಿಯ ಬಸೂನ್ ಹಾಗಲ್ಲ. ಅದು ಒಪ್ಪುತ್ತಲೇ ಬೇರೆ ನುಡಿಯುತ್ತದೆ. ಈ ವ್ಯತ್ಯಾಸ ತಿಳಿದರೆ ವಾದ್ಯವೃಂದದ ಅರ್ಧ ಗುಟ್ಟು ತಿಳಿದಂತೆಯೇ. ಕಣ್ಣಮುಂದೆ ಯಾರು ಯಾವಾಗ ಕಮಾನು ಎತ್ತಿದರು, ಯಾರು ಉಸಿರು ತೆಗೆದುಕೊಂಡರು ಎಂಬುದು ಕಂಡಾಗ ಕಿವಿ ತಾನಾಗಿಯೇ ಎಳೆ ಬಿಡಿಸಿಕೊಳ್ಳುತ್ತದೆ.

ಹಾಗೆಂದು ಕ್ಯಾಮೆರಾವನ್ನು ಪೂರ್ತಿ ನಂಬುವಂತಿಲ್ಲ. ಅದು ಮತ್ತೆ ಮತ್ತೆ ಬರ್ನ್‌ಸ್ಟೈನನ ಮುಖಕ್ಕೆ ಮರಳುತ್ತದೆ. ಬೆವರು, ಭಾವಾವೇಶ ಎಲ್ಲವೂ ಸರಿಯೇ. ಆದರೆ ನಾದ ಹುಟ್ಟುವುದು ಅವನ ಮುಖದಿಂದಲ್ಲ. ಅವನನ್ನು ನೋಡುತ್ತಿರುವಾಗ ಮೆಲುದನಿಯ ವಾದ್ಯಗಳು ಕೈತಪ್ಪಿ ಹೋಗುತ್ತವೆ. ಇನ್ನೊಂದು ತೊಡಕು ಟಿ.ವಿ.ಯ ಸಣ್ಣ ಧ್ವನಿವರ್ಧಕದ್ದು. ಮಂದ್ರಸ್ವರಗಳನ್ನು ಅದು ನುಂಗಿಬಿಡುವುದರಿಂದ, ಡಬಲ್ ಬಾಸ್‌ಗಳ ಆ ಪಿಸುಮಾತು ಬಹುತೇಕ ಮಾಯವಾಗುತ್ತದೆ. ದೊಡ್ಡದೊಂದು ಸ್ಪೀಕರನ್ನು ಜೋಡಿಸಿಯೇ ಕೇಳಬೇಕು. ಮೊದಲ ಸಲ ಕಣ್ಣು ತೆರೆದು, ಎರಡನೆಯ ಸಲ ಕಣ್ಣು ಮುಚ್ಚಿ ಕೇಳಿರೆಂದು ವಾಚಕರಿಗೆ ನನ್ನ ಸಲಹೆ.

ಖ್ಯಾಲ್ ಗಾಯನದ ಚಿತ್ರಗಳಲ್ಲಿ ನಷ್ಟ ಹೆಚ್ಚು ಎಂಬುದನ್ನೂ ಹೇಳಬೇಕು. ಬೈಠಕ್ಕಿನಲ್ಲಿ ಶ್ರೋತೃವಿನ ಒಂದು "ವಾಹ್ವಾ" ಗಾಯಕನ ಮುಂದಿನ ತಾನನ್ನು ಬದಲಿಸಬಲ್ಲದು. ಪಡಸಾಲೆಯ ನಮ್ಮ ತಲೆದೂಗು ಅವನನ್ನು ಮುಟ್ಟುವುದಿಲ್ಲ. ಸಿಂಫನಿಯಲ್ಲಾದರೋ ಸ್ವರಗಳೆಲ್ಲ ಮೊದಲೇ ಬರೆದಿವೆ, ಸಭೆ ಮೌನವಾಗಿರುವುದೇ ಅಲ್ಲಿನ ಶಿಷ್ಟಾಚಾರ. ಆದ್ದರಿಂದ ಪಡಸಾಲೆಯ ಶ್ರೋತೃ ಅಲ್ಲಿ ಅಷ್ಟೊಂದು ಹೊರಗಿನವನಾಗುವುದಿಲ್ಲ.

ಕೊನೆಗೆ ಒಂದು ಗಂಭೀರ ಆಕ್ಷೇಪ. ಷಿಲ್ಲರ್ ಕವಿ 1785ರಲ್ಲಿ ಬರೆದ ಪದ್ಯದಲ್ಲಿ ಆನಂದವೆಂಬರ್ಥದ "ಫ್ರಾಯ್ಡ" ಎಂಬ ಶಬ್ದವಿದ್ದೆಡೆ, ಬರ್ನ್‌ಸ್ಟೈನ್ ಅಂದು ಸ್ವಾತಂತ್ರ್ಯವೆಂಬರ್ಥದ "ಫ್ರೈಹೈಟ್" ಎಂದು ಹಾಡಿಸಿದನು. ಎರಡಕ್ಕೂ ಎರಡೇ ಉಚ್ಚಾರಾಂಶ; ಧಾಟಿಗೆ ಧಕ್ಕೆಯಿಲ್ಲ. ಗೋಡೆ ಬಿದ್ದ ಊರಿನಲ್ಲಿ ಆ ದಿನದ ಮಟ್ಟಿಗೆ ಅದು ಕ್ಷಮ್ಯ ಮಾತ್ರವಲ್ಲ, ಸಹಜವೂ ಹೌದು. ಆದರೆ ಚಿತ್ರವಾದೊಡನೆ ಒಂದು ದಿನದ ಸ್ವಾತಂತ್ರ್ಯ ಎಂದೆಂದಿನದಾಗುತ್ತದೆ. ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದು ಕರೆದ ತತ್ತ್ವ ಇಲ್ಲಿ ಪ್ರಸ್ತುತವಾಗಿದೆ. ದೇಶಕಾಲಗಳ ಹಂಗು ಕಳೆದಾಗಲೇ ಭಾವ ರಸವಾಗುತ್ತದೆ. ಸ್ವಾತಂತ್ರ್ಯಕ್ಕೆ ಒಂದು ತಾರೀಖು ಬೇಕು, ಒಂದು ಊರು ಬೇಕು. ಅದು ಗೆದ್ದವರ ಶಬ್ದ. ಆನಂದಕ್ಕೆ ಅವು ಬೇಡ. ಬರ್ಲಿನ್ನಿನವರು 1989ರಲ್ಲಿ ಗೆದ್ದರು, ಕಿತ್ತೂರಿನವರು 1824ರಲ್ಲಿ ಸೋತರು. ಗೆದ್ದವರೂ ಸೋತವರೂ ಒಂದೇ ದನಿಯಲ್ಲಿ ಹಾಡಬಹುದಾದ ಶಬ್ದವನ್ನೇ ಕವಿ ಆರಿಸಿದ್ದನು, ಕಿವುಡನಾದ ಸಂಗೀತಗಾರ ಅದನ್ನೇ ಉಳಿಸಿಕೊಂಡಿದ್ದನು. ಬರ್ನ್‌ಸ್ಟೈನನ ಚಿತ್ರವನ್ನು ಅವಶ್ಯ ನೋಡಿರಿ; ಶಬ್ದವನ್ನು ಮಾತ್ರ ಮನಸ್ಸಿನಲ್ಲಿ ತಿದ್ದಿಕೊಂಡು ಕೇಳಿರಿ.