ಹುಲಿಪಟ್ಟೆಯ ಕೋವಿ: ಅಸಲು, ನಕಲು ಮತ್ತು ಸಂಗ್ರಾಹಕರ ಕಣ್ಣು

ಬಾಯಿಯ ಕಡೆಯಿಂದ ಮದ್ದು ಜಡಿಯುವ ಹಳೆಯ ಕೋವಿಗಳ ಸಂಗ್ರಹದಲ್ಲಿ ಶ್ರೀರಂಗಪಟ್ಟಣದ ಕೋವಿಗೆ ಪ್ರತ್ಯೇಕ ಸ್ಥಾನವಿದೆ. 18ನೇ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಈ ಚಕಮಕಿ ಕೋವಿಗಳು 1799ರ ಮೇ 4ರಂದು ಕೋಟೆ ಬ್ರಿಟಿಷರ ವಶವಾದ ಮೇಲೆ ಲೂಟಿಯ ಪಾಲಾಗಿ ಇಂಗ್ಲೆಂಡಿನ ಮನೆಗಳನ್ನು ಸೇರಿದವು. ಇವನ್ನು ಕೂಡಿಹಾಕಿ ಅಭ್ಯಾಸ ಮಾಡಿದವರಲ್ಲಿ ಪ್ರಮುಖನಾದ ರಾಬಿನ್ ವಿಗಿಂಗ್ಟನ್, 1783ರಿಂದ 1799ರವರೆಗಿನ ಟಿಪ್ಪುವಿನ ಬಂದೂಕುಗಳ ಮೇಲೆ 1992ರಲ್ಲಿ ಪುಸ್ತಕ ತಂದ. ಆತನ ಸಂಗ್ರಹ 2005ರಲ್ಲಿ ಲಂಡನ್ನಿನಲ್ಲಿ ಹರಾಜಾಗಿ ಚದುರಿಹೋಯಿತು. ಗುರುತು ಹಿಡಿಯುವ ವಿದ್ಯೆಗೆ ಆ ಪುಸ್ತಕ ತಳಪಾಯ ಹಾಕಿತು. ಆದರೆ ಅದನ್ನೇ ಕೈಪಿಡಿ ಮಾಡಿಕೊಂಡ ಮಾರುಕಟ್ಟೆ ಕಲಿತದ್ದು ಅಲಂಕಾರವನ್ನು ಓದುವುದನ್ನು ಮಾತ್ರ.

ನಕಲು ಎಂಬುದು ಇಲ್ಲಿ ಇತ್ತೀಚಿನ ಪಿಡುಗಲ್ಲ. ಶ್ರೀರಂಗಪಟ್ಟಣದ ಕೋವಿಯೇ ಯುರೋಪಿನ ಮಾದರಿಗಳನ್ನು ನೋಡಿ ಮಾಡಿದ್ದು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯನ್ನು ಕಂಡಾಗ ಕುಶಲಕರ್ಮಿಗಳನ್ನೂ ಕೇಳಿದ್ದರು. ಫ್ರೆಂಚ್ ಮತ್ತು ಇಂಗ್ಲಿಷ್ ಮಾದರಿಯ ಬೀಗ, ಎಂದರೆ ಕಿಡಿ ಹಾರಿಸುವ ಯಂತ್ರ, ಸ್ಥಳೀಯ ಕಮ್ಮಾರನ ಕೈಗೆ ಬಂದಾಗ ಕಲ್ಲು ಕಚ್ಚುವ ಕುದುರೆ ಹುಲಿಯ ಆಕಾರ ತಳೆಯಿತು, ನಳಿಗೆಯ ಮೇಲೆ ಬಬ್ರಿ ಎಂದು ಕರೆಯುವ ಹುಲಿಪಟ್ಟೆ ಮೂಡಿತು. ಅನುಕರಣೆ ಇಷ್ಟು ಸ್ವತಂತ್ರವಾಗಿದ್ದಾಗ ಅದನ್ನು ನಕಲು ಎಂದು ತಳ್ಳಿಹಾಕುವುದು ತಪ್ಪು.

ಇಪ್ಪತ್ತನೇ ಶತಮಾನದ ಮರುತಯಾರಿಕೆಗಳ ಕಥೆ ಬೇರೆ. ಹಳೆಯ ಕೋವಿಯಿಂದ ಗುರಿ ಹೊಡೆಯುವ ಹವ್ಯಾಸಿಗಳಿಗಾಗಿ ಇಟಲಿಯ ಬ್ರೆಷಾ ಸೀಮೆಯ ಪೆಡರ್ಸೋಲಿ, ಯೂರೋಆರ್ಮ್ಸ್‌ನಂಥ ಸಂಸ್ಥೆಗಳೂ ಜಪಾನಿನ ಮಿರೋಕು ಸಂಸ್ಥೆಯೂ ಕೋವಿಗಳನ್ನು ಮಾಡಿದವು. ಬರ್ಮಿಂಗ್‌ಹ್ಯಾಮ್‌ನ ಪಾರ್ಕರ್-ಹೇಲ್ 1970ರ ದಶಕದಲ್ಲಿ ಎನ್‌ಫೀಲ್ಡ್ ರೈಫಲ್ಲುಗಳನ್ನು ಹಳೆಯ ಅಳತೆಗಳಿಗೇ ಸರಿಯಾಗಿ ಮರಳಿ ತಯಾರಿಸಿತು. ಇವುಗಳ ನಳಿಗೆಯೊಳಗಿನ ಸುರುಳಿ ಗೀರುಗಳು ಬುಡದಲ್ಲಿ ಆಳವಾಗಿದ್ದು ಬಾಯಿಯತ್ತ ತೆಳುವಾಗುತ್ತ ಬರುತ್ತವೆ. ಅಗ್ಗದ ನಕಲುಗಳಲ್ಲಿ ಇಷ್ಟು ಶ್ರಮ ಕಾಣದು. ತಯಾರಿಕೆ ನಿಂತಮೇಲೆ ಪಾರ್ಕರ್-ಹೇಲ್ ರೈಫಲ್ಲುಗಳೇ ಸಂಗ್ರಹಯೋಗ್ಯವಾಗಿವೆ. ಮರುತಯಾರಿಕೆಗಳನ್ನು ಗುರುತಿಸಲು ನಳಿಗೆಯ ಮೇಲಿನ ಪರೀಕ್ಷಾ ಮುದ್ರೆಗಳೇ ಸಾಕು. ಇಟಲಿಯ ನಳಿಗೆಯಲ್ಲಿ ವರ್ಷದ ಸಂಕೇತವೂ ಇರುತ್ತದೆ: ಎಎ ಎಂದರೆ 1975, ಎಬಿ ಎಂದರೆ 1976. ಮೋಸ ಮಾಡುವವನು ಮೊದಲು ಅರ ಹಾಕಿ ಉಜ್ಜುವುದು ಇದನ್ನೇ. ನಳಿಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಉಜ್ಜಿದ ಜಾಗ ತಗ್ಗಾಗಿ ಕಂಡುಬಿಡುತ್ತದೆ. ಬೀಗದ ತಗಡಿನ ಮೇಲಿನ ಹೆಸರನ್ನಂತೂ ನಂಬಲೇಬಾರದು. ಪೆಡರ್ಸೋಲಿಯ ಬ್ರೌನ್ ಬೆಸ್ ಕೋವಿಯ ಮೇಲೆ ‘ಗ್ರೈಸ್ 1762’ ಎಂದು ಕೊರೆದಿರುತ್ತದೆ. ಅದು ಮೂಲ ತಯಾರಕನ ಗುರುತೇ ಹೊರತು ಕೈಯಲ್ಲಿರುವ ಕೋವಿ ಹುಟ್ಟಿದ ವರ್ಷವಲ್ಲ.

ಮೂರನೆಯ ವರ್ಗ ಗೋಡೆಗೆ ನೇತುಹಾಕಲು ಭಾರತದಲ್ಲೇ ತಯಾರಾಗುವ ಚಕಮಕಿ ಕೋವಿಗಳದ್ದು. ಇವುಗಳಲ್ಲಿ ಕೆಲವು ರಂಜಕದ ಬಟ್ಟಲಿನಿಂದ ನಳಿಗೆಗೆ ಬೆಂಕಿ ಹಾಯುವ ತೂತನ್ನೇ ಕೊರೆಯದೆ ಹೊರದೇಶಕ್ಕೆ ಹೋಗುತ್ತವೆ. ಹುಲಿಮುಖ ಬೇಕೆಂದರೆ ಹುಲಿಮುಖ, ಪರ್ಷಿಯನ್ ಅಕ್ಷರ ಬೇಕೆಂದರೆ ಅಕ್ಷರ. ಶ್ರೀರಂಗಪಟ್ಟಣದ ಹೆಸರಿನಲ್ಲಿ ಮೋಸ ನಡೆಯುವುದು ಹೆಚ್ಚಾಗಿ ಇಂಥವುಗಳಿಂದ.

ಅಸಲನ್ನು ತಿಳಿಯಬೇಕಾದರೆ ನಳಿಗೆಯನ್ನು ಮರದಿಂದ ಬಿಡಿಸಬೇಕು. ಹಳೆಯ ನಳಿಗೆ ಕಬ್ಬಿಣದ ಪಟ್ಟಿಯನ್ನು ಸಲಾಕೆಗೆ ಸುತ್ತಿ ಕಾಯಿಸಿ ಬೆಸೆದದ್ದು. ಹೊರಗೆ ಎಷ್ಟೇ ನಯವಾಗಿದ್ದರೂ ತಳಭಾಗದಲ್ಲಿ ಬೆಸುಗೆಯ ಗೆರೆಯೂ ಸುತ್ತಿಗೆಯ ಏಟೂ ಉಳಿದಿರುತ್ತವೆ. ಇಂದಿನ ನಕಲಿನಲ್ಲಿರುವುದು ಸುತ್ತಲೂ ಒಂದೇ ದಪ್ಪದ ಉಕ್ಕಿನ ಕೊಳವೆ. ಕೈಯಲ್ಲಿ ಅರ ಹಾಕಿ ಮಾಡಿದ ಹಳೆಯ ತಿರುಪು ತನ್ನ ತೂತು ಬಿಟ್ಟು ಇನ್ನೊಂದಕ್ಕೆ ಕೂರುವುದಿಲ್ಲ. ಯಂತ್ರದ ತಿರುಪು ಎಲ್ಲಿ ಬೇಕಾದರೂ ಕೂರುತ್ತದೆ. ಹೊಡೆದ ಕೋವಿಯಲ್ಲಿ ರಂಜಕದ ಬಟ್ಟಲು ಸಿಡುಬಿನ ಕಲೆಯಂತೆ ಗುಳಿಬಿದ್ದಿರುತ್ತದೆ, ತೂತಿನ ಅಂಚು ಬೆಂಕಿ ತಿಂದು ಅಗಲವಾಗಿರುತ್ತದೆ, ಕಲ್ಲು ತಾಗುವ ಉಕ್ಕಿನ ಮುಖದಲ್ಲಿ ಉದ್ದುದ್ದ ಗೀರುಗಳಿರುತ್ತವೆ. ಅಲಂಕಾರದ ನಕಲಿನಲ್ಲಿ ಈ ಮುಖ ಮೆತ್ತನೆಯ ಕಬ್ಬಿಣದ್ದಾದ್ದರಿಂದ ಕಿಡಿಯೇ ಹಾರದು. ಮರಕ್ಕೆ ಬಳಿದ ಕಪ್ಪು ಬಣ್ಣ ಸಂದುಗಳಲ್ಲಿ ಕೂತಿದ್ದು ಕೈ ಹಿಡಿಯುವ ಜಾಗದಲ್ಲಿ ಸವೆತವೇ ಇಲ್ಲದಿದ್ದರೆ ಅನುಮಾನಪಡಬೇಕು.

ಬರಹವನ್ನು ಓದುವುದರಲ್ಲೂ ಎಡವುವವರು ಹಲವರು. ಟಿಪ್ಪು ಆಳ್ವಿಕೆಯ ನಡುವೆ ಹಿಜರಿಯನ್ನು ಬಿಟ್ಟು, ಪ್ರವಾದಿಯ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಜಾರಿಗೆ ತಂದ. ಆತನ ನಾಣ್ಯಗಳಲ್ಲಿ ಈ ಶಕದ ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ. ಮೌಲೂದಿ 1222 ಎಂದರೆ ಸುಮಾರು 1794. ಅದನ್ನೇ ಹಿಜರಿ ಎಂದು ಓದಿದರೆ 1807 ಆಗುತ್ತದೆ, ಅಂದರೆ ಟಿಪ್ಪು ಸತ್ತು ಎಂಟು ವರ್ಷವಾದ ಮೇಲೆ. ಈ ಲೆಕ್ಕ ಗೊತ್ತಿಲ್ಲದವನು ಅಸಲು ಕೋವಿಯನ್ನೇ ಖೋಟಾ ಎಂದು ಬದಿಗಿಟ್ಟಾನು.

ಇಷ್ಟೆಲ್ಲ ಸೂಕ್ಷ್ಮ ಬೆಳೆಸಿಕೊಂಡ ಸಂಗ್ರಾಹಕ ಪರಂಪರೆಯ ದೊಡ್ಡ ಕೊರತೆ ಅದರ ಆಯ್ಕೆಯಲ್ಲಿದೆ. 2019ರಲ್ಲಿ ಬರ್ಕ್‌ಶೈರ್‌ನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಬೆಳ್ಳಿ ಕಟ್ಟಿನ ಕೋವಿಗೆ 60,000 ಪೌಂಡ್ ಬಂತು. ಬೆಳ್ಳಿಯೂ ಹುಲಿಯೂ ಇರುವ ಕೋವಿ ಅರಮನೆಯ ಬೇಟೆಯದ್ದು, ಇಲ್ಲವೇ ದೊರೆ ಕೊಡುವ ಉಡುಗೊರೆಯದ್ದು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಪಡೆಗೆ ಎದುರಾದ ಟಿಪ್ಪುವಿನ ಕಾಲಾಳುಗಳ ಕೈಯಲ್ಲಿದ್ದುದು ಸಾದಾ ಕೋವಿ. ಮದ್ದೂರಿನ ನೇರ ದಾರಿಯನ್ನು ಬಿಟ್ಟು ಕನಕಪುರದ ಕಡೆಯಿಂದ ಬಂದ ಆ ಸೇನೆಯನ್ನು ತಡೆಯಲು ನಿಂತವರ ಆಯುಧ ಎಂಥದು, ಅದರ ನಳಿಗೆ ಎಷ್ಟು ಉದ್ದ, ಬೀಗ ಯಾವ ಮಾದರಿಯದು ಎಂಬುದೇ ಚರಿತ್ರೆಗೆ ಹೆಚ್ಚು ಬೇಕಾದದ್ದು. ಹರಾಜಿನ ಪಟ್ಟಿಗಳಲ್ಲಿ ಅದಕ್ಕೆ ಹೆಚ್ಚೆಂದರೆ ಒಂದು ಸಾಲು. ಸಾದಾ ಕೋವಿಗೆ ನಕಲು ಹುಟ್ಟುವುದೂ ಅಪರೂಪ. ಕೊಳ್ಳುವವರೇ ಇಲ್ಲದ್ದನ್ನು ಯಾರು ತಾನೇ ಖೋಟಾ ಮಾಡಿಯಾರು!

ಕೊಂಡುಕೊಂಡ ಕೋವಿಯ ಕೈಬದಲಿನ ದಾಖಲೆಯನ್ನೂ ಸಂಗ್ರಾಹಕರು ಹಗುರಾಗಿ ನೋಡುತ್ತಾರೆ. ಕೋಟೆಯ ಲೂಟಿಯಲ್ಲಿದ್ದ ಅಧಿಕಾರಿಯೊಬ್ಬನ ವಂಶದಿಂದ ಬಂದದ್ದು ಎಂಬ ಮಾತು ಹರಾಜಿನಲ್ಲಿ ಬೆಲೆ ಏರಿಸುತ್ತದೆ. ಉಯಿಲು, ಪತ್ರ, ಹಳೆಯ ಯಾದಿ ಜೊತೆಗಿಲ್ಲದಿದ್ದರೆ ಅದು ಬರೀ ಮನೆಮಾತು. ಕೋವಿಯ ಕಬ್ಬಿಣ ಹೇಳುವುದಕ್ಕೆ ವಿರುದ್ಧವಾಗಿ ವಂಶದ ಕಥೆ ನಿಂತರೆ ಕಬ್ಬಿಣವನ್ನೇ ನಂಬಬೇಕು.

ಭಾರತದಲ್ಲಿ ಈ ಹವ್ಯಾಸ ಕಾನೂನಿನ ಅಂಚಿನಲ್ಲಿ ನಡೆಯಬೇಕಾಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ವಿನಾಯಿತಿ ಕೊಡುವುದು ಹಳೆಯ ಮಾದರಿಯ, ಪುರಾತನ ಬೆಲೆಯುಳ್ಳ ಅಥವಾ ಕೆಟ್ಟುಹೋದ ಆಯುಧಕ್ಕೆ, ಅದೂ ರಿಪೇರಿ ಮಾಡಿದರೂ ಹೊಡೆಯಲಾಗದಿದ್ದರೆ ಮಾತ್ರ. ಗುಂಡು ಹಾರಿಸಬಲ್ಲ ಮರುತಯಾರಿಕೆ ಎಷ್ಟೇ ಹಳೆಯ ಮಾದರಿಯದ್ದಾದರೂ ಅದಕ್ಕೆ ಪರವಾನಗಿ ಬೇಕೇ ಬೇಕು. ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತು ಕಾಯ್ದೆಯ ಕೆಳಗೆ ಬರುವುದರಿಂದ ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೀಗಾಗಿ ಪಾರ್ಕರ್-ಹೇಲ್ ಹುಡುಕುವ ಹವ್ಯಾಸ ಇಲ್ಲಿ ಬೇರೂರುವುದು ಕಷ್ಟ.

ಇಲ್ಲಿ ಸಂಗ್ರಹವಾಗಬೇಕಾದದ್ದು ಬೇರೆಯೇ ಇದೆ. ಹಂದಿ, ಆನೆಗಳನ್ನು ಬೆದರಿಸಲು ರೈತರು ಬೆಳೆ ರಕ್ಷಣೆಯ ಪರವಾನಗಿಯಡಿ ಇಟ್ಟುಕೊಳ್ಳುವ ಒಂಟಿ ನಳಿಗೆಯ ಕೇಪಿನ ಕೋವಿ ಬಾಯಿಯಿಂದ ಮದ್ದು ತುಂಬುವ ತಂತ್ರದ ಕೊನೆಯ ಕುಡಿ. ಚುನಾವಣೆ ಬಂದಾಗ ಠಾಣೆಗೆ ಹೋಗಿ, ಮುಗಿದಮೇಲೆ ಮನೆಗೆ ಬರುವ ಈ ಕೋವಿಯನ್ನು ಯಾವ ಹರಾಜಿನವನೂ ಕಣ್ಣೆತ್ತಿ ನೋಡುವುದಿಲ್ಲ. ಅದರ ತಯಾರಕನ ಮುದ್ರೆ, ಸಂಖ್ಯೆ, ಬದಲಾಯಿಸಿದ ಕುದುರೆ, ಊರಿನ ಆಚಾರಿ ಹೊಸದಾಗಿ ಕೂರಿಸಿದ ಮರದ ಹಿಡಿ ಇವೆಲ್ಲ ಅಳತೆ ಮಾಡಿ, ಚಿತ್ರ ತೆಗೆದು ಬರೆದಿಡಲು ಯೋಗ್ಯವಾದವು. ಪರವಾನಗಿ ರದ್ದಾಗಿ ಠಾಣೆ ಸೇರಿ ನಾಶವಾದ ಕೋವಿಯ ಗುರುತು ರಿಜಿಸ್ಟರಿನ ಒಂದು ಸಂಖ್ಯೆಯಾಗಿಯಷ್ಟೇ ಉಳಿಯುತ್ತದೆ.