ಬಾಡಿಗೆದಾರರ ಹಳೆಮನೆ

ಕೆಡವಿದ ಮನೆಗಳ ಬಗ್ಗೆ ಕನ್ನಡದಲ್ಲಿ ಈಗ ಸಾಕಷ್ಟು ಬರಹಗಳು ಬರುತ್ತಿವೆ. ಬಸವನಗುಡಿಯದೋ ಮಲ್ಲೇಶ್ವರದ್ದೋ ಒಂದು ಹೆಂಚಿನ ಮನೆ, ಮುಂದೆ ಜಗುಲಿ, ಹಿತ್ತಲಲ್ಲಿ ತೆಂಗು. ಇವತ್ತು ಅಲ್ಲಿ ಅಪಾರ್ಟ್‌ಮೆಂಟು. ಇಂಥವನ್ನು ನಾನೂ ಇಷ್ಟಪಟ್ಟೇ ಓದುತ್ತೇನೆ. ಆದರೆ ನಾಲ್ಕಾರು ಓದಿದ ಮೇಲೆ ಈ ದುಃಖ ಯಾರದು ಅನ್ನಿಸುತ್ತದೆ. ಬಹುಪಾಲು ಅದು ಮನೆಯ ಖಾತೆ ಯಾರ ಹೆಸರಲ್ಲಿತ್ತೋ ಅವರ ಮಕ್ಕಳದು. ಹನ್ನೊಂದು ತಿಂಗಳ ಕರಾರಿನಲ್ಲಿ ಬದುಕುವ ನಮ್ಮಂಥವರು ಅಲ್ಲಿ ಕಾಣುವುದಿಲ್ಲ. ಬೆಂಗಳೂರಿನಲ್ಲಿ ನಾನಿದ್ದ ಐದು ಬಾಡಿಗೆ ಮನೆಗಳಲ್ಲಿ ಮೂರು ಈಗಿಲ್ಲ. ಅವುಗಳಿಗೆ ಜಗುಲಿಯೂ ಇರಲಿಲ್ಲ, ತೆಂಗೂ ಇರಲಿಲ್ಲ.

ಹಾಗಾಗಿ ನಾನು ನಿರಂಜನರ 'ರಂಗಮ್ಮನ ವಠಾರ'ಕ್ಕೆ ಮರಳುತ್ತೇನೆ. ಮಲ್ಲೇಶ್ವರ, ಬಸವನಗುಡಿಗಳು 1898ರ ಪ್ಲೇಗಿನ ಆಸುಪಾಸಿನಲ್ಲಿ ನಕ್ಷೆ ಹಾಕಿ ಬೆಳೆಸಿದ ಬಡಾವಣೆಗಳು. ನಿರಂಜನರ ವಠಾರ ಇರುವುದು ಶ್ರೀರಾಮಪುರದಲ್ಲಿ. ಒಂದೇ ಆವರಣದಲ್ಲಿ ಹತ್ತಾರು ಸಂಸಾರ, ಗೋಡೆಗೆ ಗೋಡೆ. ಕಾದಂಬರಿ ಶುರುವಾಗುವುದು ನಾರಾಯಣಿ ಎಂಬ ಹೆಂಗಸಿನ ಸಾವಿನಿಂದ. ಸಾವಿನ ಮನೆ ಖಾಲಿಯಾಗುತ್ತದೆ, ಮತ್ತೊಂದು ಸಂಸಾರ ಬರುತ್ತದೆ. ರಂಗಮ್ಮನನ್ನು ನಿರಂಜನರು ಬರೀ ಜಿಪುಣಿಯಾಗಿ ಚಿತ್ರಿಸುವುದಿಲ್ಲ, ವಠಾರದವರನ್ನು ದೇವರಂಥವರೆಂದೂ ಹೇಳುವುದಿಲ್ಲ. ಮನೆ ಅಂದರೆ ಬಾಡಿಗೆಯೂ ಹೌದು ಎಂಬುದನ್ನು ಅವರು ಒಂದು ಪುಟದಲ್ಲೂ ಮರೆಯುವುದಿಲ್ಲ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆಯನ್ನು 2011ರಲ್ಲಿ ಕೆಡವತೊಡಗಿದಾಗ ಕೂಗೆದ್ದಿತು. ಮನೆ ಉಳಿದು 2016ರಲ್ಲಿ ಮ್ಯೂಸಿಯಂ ಆಯಿತು. ಒಳ್ಳೆಯದೇ ಆಯಿತು. ಆದರೆ ವಠಾರ ಕೆಡವಿದರೆ ಯಾರ ಹೆಸರು ಹೇಳಿ ಕೂಗುವುದು? ಅದು ಉಳಿಯುವುದಿದ್ದರೆ ಇಂಥ ಕಾದಂಬರಿಯಲ್ಲೇ.

ಹಾಗೆಂದು ಇಕ್ಕಟ್ಟಿನ ಮನೆಯನ್ನು ಸ್ವರ್ಗ ಮಾಡುವುದೂ ಬೇಡ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಈ ಅಪಾಯವನ್ನು ಬಲ್ಲ ಕೃತಿ. ಅಪ್ಪನ ಲೆಕ್ಕ ತಾಳೆಯಾಗದ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕೂರುವುದು ಆ ಹಳೆಯ, ಸಣ್ಣ ಮನೆಯಲ್ಲೇ. ದುಡ್ಡು ಬಂದು ದೊಡ್ಡ ಮನೆಗೆ ಹೋದ ಮೇಲೆ ಆ ಒಗ್ಗಟ್ಟಿನ ಬಣ್ಣ ಬದಲಾಗುತ್ತದೆ. ಆದರೆ ಮುಂದೆ ಹೊರಗಿನವರ ಮೇಲೆ ತಿರುಗುವ ಕ್ರೌರ್ಯ ಹಳೆಯ ಮನೆಯಲ್ಲಿ ಇರುವೆಗಳ ಮೇಲೆ ಆಗಲೇ ಶುರುವಾಗಿತ್ತು. ಆ ಮನೆಯ ನೆನಪು ಇಲ್ಲಿ ಯಾರನ್ನೂ ಬಚಾವು ಮಾಡುವುದಿಲ್ಲ.

ಹೋದ ಮನೆಗಳ ಬಗ್ಗೆ ಬರೆಯುವವರಲ್ಲಿ ನಾನು ಹುಡುಕುವುದು ಈ ನಿಷ್ಠುರತೆಯನ್ನೇ. ಅಡ್ವಾನ್ಸು ಎಷ್ಟು ಕೊಟ್ಟಿರಿ, ಬಿಡುವಾಗ ಎಷ್ಟು ಮುರಿದುಕೊಂಡರು, ನೀರು ದಿನ ಬಿಟ್ಟು ದಿನ ಬರುತ್ತಿತ್ತೇ, ಬಾಗಿಲಲ್ಲೇ ನಿಲ್ಲಿಸಿ 'ನೀವು ಯಾವ ಪೈಕಿ' ಎಂದು ಯಾರು ಕೇಳಿದರು, ಮೀನು ಹುರಿದ ವಾಸನೆಗೆ ಮನೆ ಬಿಟ್ಟವರು ಯಾರು? ಕೆತ್ತನೆಯ ಕಂಬದ ಫೋಟೋ ಹೇಗೋ ಎಲ್ಲೋ ಸಿಗುತ್ತದೆ. ಇವುಗಳಿಗೆ ಮಾತ್ರ ಇದ್ದವರು ಬರೆಯದೆ ಬೇರೆ ದಾಖಲೆಯಿಲ್ಲ.